ಬೆಟ್ಟದ ನಾಡಿನ ವೀರ: ಕುಲ್ಬೀರ್ ಥಾಪಾ

ಗೂರ್ಖಾ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರಿ ಸೀಟಿ ಊದುತ್ತಾ ಸುತ್ತುತ್ತಿದ್ದ ಕಾವಲುಗಾರ. ಆ ಬೆಟ್ಟದ ಜನ ಹೊಟ್ಟೆಪಾಡಿಗಾಗಿ ಊರು ಬಿಡತೊಡಗಿ ಇನ್ನೂರು ವರ್ಷಗಳೇ ಆದವು. ಹಾಗೆ ಹೊರಟವನೊಬ್ಬನ ಬದುಕನ್ನು ಇಲ್ಲಿ ನೆನೆಯೋಣ.

ಕುಲ್ಬೀರ್ ಥಾಪಾ ಹುಟ್ಟಿದ್ದು ನೇಪಾಳದ ಪಾಲ್ಪಾದಲ್ಲಿ. ಸೇರಿದ್ದು ಬ್ರಿಟಿಷ್ ಇಂಡಿಯಾದ ಮೂರನೆಯ ಗೂರ್ಖಾ ರೈಫಲ್ಸ್ ಪಡೆಯನ್ನು. ನೇಪಾಳದೊಡನೆ ಕಾದಾಡುವಾಗ ಗೂರ್ಖರ ಕೆಚ್ಚನ್ನು ಕಂಡ ಈಸ್ಟ್ ಇಂಡಿಯಾ ಕಂಪನಿಯು 1815ರಿಂದ ಅವರನ್ನೇ ಸಂಬಳಕ್ಕೆ ಸೇರಿಸಿಕೊಂಡಿತು. ಆಗ ಕುಮಾವೂನ್ ಬೆಟಾಲಿಯನ್ ಎಂದು ಕಟ್ಟಿದ ಈ ಪಡೆ, 1857ರಲ್ಲಿ ದೆಹಲಿಯಲ್ಲಿ ಬ್ರಿಟಿಷರ ಪರವಾಗಿ ಹೋರಾಡಿತ್ತು. ನೇಪಾಳವಾದರೋ ಎಂದೂ ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿರಲಿಲ್ಲ.

ಮೊದಲ ಮಹಾಯುದ್ಧ ಥಾಪಾನನ್ನು ಫ್ರಾನ್ಸಿಗೆ ಒಯ್ದಿತು. 1915ರ ಸೆಪ್ಟೆಂಬರ್ 25ರಂದು, ಲೂಸ್‌ನಲ್ಲಿ ನಡೆಯುವ ಮುಖ್ಯ ದಾಳಿಯಿಂದ ಜರ್ಮನರ ಗಮನ ಸೆಳೆಯಲೆಂದು, ಫೋಕಿಸಾರ್ ಬಳಿ ಭಾರತೀಯ ಪಡೆಗಳನ್ನು ಮುನ್ನುಗ್ಗಿಸಲಾಯಿತು. ದಾಳಿ ವಿಫಲವಾಯಿತು. ಗಾಯಗೊಂಡಿದ್ದ ಥಾಪಾನಿಗೆ ಜರ್ಮನರ ಮೊದಲ ಕಂದಕದ ಹಿಂದೆ, ಲೀಸ್ಟರ್‌ಷೈರ್ ರೆಜಿಮೆಂಟಿನ ಸೈನಿಕನೊಬ್ಬ ತೀವ್ರವಾಗಿ ಗಾಯಗೊಂಡು ಬಿದ್ದಿದ್ದುದು ಕಂಡಿತು. ನನ್ನನ್ನು ಬಿಟ್ಟು ಹೋಗು ಎಂದು ಆ ಬಿಳಿಯ ಬೇಡಿದರೂ ಕೇಳದೆ, ಹಗಲೂ ರಾತ್ರಿ ಜೊತೆಗೇ ಉಳಿದ. ಮರುದಿನ ನಸುಕಿನ ಮಂಜಿನಲ್ಲಿ ಆತನನ್ನು ಮುಳ್ಳುತಂತಿ ದಾಟಿಸಿ, ಒಂದಿಷ್ಟು ಮರೆಯಿದ್ದ ಕಡೆ ಮಲಗಿಸಿದ. ತಿರುಗಿ ಹೋಗಿ ಗಾಯಾಳು ಗೂರ್ಖರಿಬ್ಬರನ್ನು ಒಬ್ಬೊಬ್ಬರನ್ನಾಗಿ ತಂದ. ಬಳಿಕ ಹಾಡುಹಗಲಲ್ಲೇ, ಶತ್ರುವಿನ ಗುಂಡುಗಳ ನಡುವೆ, ಆ ಬಿಳಿಯ ಸೈನಿಕನನ್ನು ಬಹುಪಾಲು ದಾರಿ ಹೊತ್ತು ತಂದ.

1911ರವರೆಗೆ ವಿಕ್ಟೋರಿಯಾ ಕ್ರಾಸ್ ಪದಕ ಭಾರತೀಯ ಸೇನೆಯ ದೇಶೀ ಸೈನಿಕರಿಗೆ ಸಿಗುವಂತಿರಲಿಲ್ಲ. ಗೂರ್ಖಾ ಪಡೆಗಳಲ್ಲೂ ಅದು ಬ್ರಿಟಿಷ್ ಅಧಿಕಾರಿಗಳಿಗಷ್ಟೇ ಮೀಸಲಾಗಿತ್ತು. ಅದನ್ನು ಪಡೆದ ಮೊದಲ ನೇಪಾಳಿ ಗೂರ್ಖಾ ಥಾಪಾ.

1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಹಂಚಿಹೋದವು. ಥಾಪಾನ ರೆಜಿಮೆಂಟು ಭಾರತದ ಪಾಲಿಗೆ ಬಂತು. 1956ರ ಅಕ್ಟೋಬರ್ 3ರಂದು ಆತ ತೀರಿಕೊಂಡ.

ಆ ಯುದ್ಧ ಯಾರದು, ಪ್ರಾಣ ಕೊಟ್ಟವರು ಯಾರು ಎಂದು ನಾವಿಂದು ಕೇಳಬಹುದು, ಕೇಳಲೂಬೇಕು. ಆದರೆ ಆ ರಾತ್ರಿ ಗಾಯಾಳುವಿನ ಪಕ್ಕದಲ್ಲಿ ಕುಳಿತಿರೆಂದು ಥಾಪಾನಿಗೆ ಯಾವ ದೊರೆಯೂ ಆಜ್ಞೆ ಮಾಡಿರಲಿಲ್ಲ. ಪರನಾಡಿನಲ್ಲಿ ಬಾಳುವ ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ ಅದು.