ಸಮರಧುರಂಧರನು ಸತ್ಯಯುಧಿಷ್ಠಿರನಾದುದು

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ನಿಂತಿರುವ ಗೊಮ್ಮಟೇಶ್ವರನ ಪಾದಗಳ ಇಕ್ಕೆಲದಲ್ಲಿ ಕೆಲವು ಚಿಕ್ಕ ಬರಹಗಳಿವೆ. ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿ ಅವು ತಿಳಿಸುವುದು ಒಂದೇ ಸಂಗತಿಯನ್ನು: ಈ ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯ. ಅಲ್ಲಿ ವಂಶದ ವರ್ಣನೆಯಿಲ್ಲ, ಗೆದ್ದ ಕೋಟೆಗಳ ಹೆಸರಿಲ್ಲ, ಬಿರುದುಗಳ ಮಾಲೆಯಿಲ್ಲ. ಯಾತ್ರಿಕರು ನಮಿಸಿ ಪ್ರದಕ್ಷಿಣೆಗೆ ಸಾಗುತ್ತಾರೆ. ಅಹಿಂಸೆಯ ಈ ಮಹಾಮೂರ್ತಿಯನ್ನು ಮಾಡಿಸಿದವನು ತನ್ನ ಪ್ರಾಯದ ಬಹುಭಾಗವನ್ನು ದಂಡಿನಲ್ಲಿ, ಕತ್ತಿಯ ಕೆಲಸದಲ್ಲಿ ಕಳೆದವನೆಂಬುದು ಆ ಕ್ಷಣದಲ್ಲಿ ಯಾರ ನೆನಪಿಗೂ ಬಾರದು.

ಚಾವುಂಡರಾಯನು ಬ್ರಹ್ಮಕ್ಷತ್ರ ಕುಲದವನು. ತಾಯಿ ಕಾಳಲಾದೇವಿ, ಗುರುಗಳು ಅಜಿತಸೇನಾಚಾರ್ಯರು. ತಲಕಾಡಿನ ಗಂಗರಲ್ಲಿ ಮೊದಲು ಇಮ್ಮಡಿ ಮಾರಸಿಂಹನಿಗೆ, ಅನಂತರ ರಾಚಮಲ್ಲನಿಗೆ ಮಂತ್ರಿಯೂ ದಂಡನಾಯಕನೂ ಆಗಿದ್ದನು. 963ರಿಂದ 974ರವರೆಗಿನ ಮಾರಸಿಂಹನ ಆಳ್ವಿಕೆ ಎಂದರೆ ಬಿಡುವಿಲ್ಲದ ಕಾಳಗಗಳ ಕಾಲ. ಗಂಗರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದುದರಿಂದ ಒಡೆಯರ ಯುದ್ಧಗಳೂ ಅವರ ಪಾಲಿಗೆ ಬರುತ್ತಿದ್ದವು. ಖೇಡಗದ ಕದನದಲ್ಲಿ ವಜ್ವಲದೇವನನ್ನು ಸೋಲಿಸಿ ಚಾವುಂಡರಾಯನು ಸಮರಧುರಂಧರನೆನಿಸಿದನು. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿ ವೀರಮಾರ್ತಂಡನಾದನು. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನೆದುರಿಸಿ ರಣರಂಗಸಿಂಗನಾದನು. ಒಂದೊಂದು ಬಿರುದಿನ ಹಿಂದೆಯೂ ಒಂದೊಂದು ರಣಭೂಮಿ. ಭಟಮಾರಿ ಎಂಬ ಇನ್ನೊಂದು ಬಿರುದಿನ ಅರ್ಥವನ್ನು ವಿವರಿಸಬೇಕಾದುದಿಲ್ಲ.

ವ್ರತಗಳನ್ನು ಅಭ್ಯಾಸಮಾಡುವ ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಶ್ರಾವಕಾಚಾರವನ್ನು ವಿವರಿಸುವವರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಅಡಿಗೆ, ಗುಡಿಸುವಿಕೆ ಮೊದಲಾದ ಮನೆಗೆಲಸದಲ್ಲಿ ಒದಗುವುದು ಆರಂಭೀ. ಜೀವನೋಪಾಯದ ಕಸುಬಿನಲ್ಲಿ ಒದಗುವುದು ಉದ್ಯೋಗೀ. ತನ್ನನ್ನೂ ತನ್ನವರನ್ನೂ ನಾಡನ್ನೂ ಕಾಯುವಾಗ ಒದಗುವುದು ವಿರೋಧೀ. ಕೊಲ್ಲಬೇಕೆಂದೇ ಸಂಕಲ್ಪಿಸಿ ಕೊಲ್ಲುವುದು ಸಂಕಲ್ಪೀ. ಗೃಹಸ್ಥನು ಅಹಿಂಸಾಣುವ್ರತದಲ್ಲಿ ಪೂರ್ಣವಾಗಿ ಬಿಡಬೇಕಾದುದು ಕಡೆಯದನ್ನು. ದಂಡನಾಯಕನ ಕಾಳಗಗಳನ್ನು ವಿರೋಧೀ ಹಿಂಸೆಯ ಲೆಕ್ಕಕ್ಕೆ ಹಾಕಿ ಸಮಾಧಾನಪಡಬಹುದು. ಬಹುಮಂದಿ ಹಾಗೆಯೇ ಮಾಡುತ್ತಾರೆ. ಆದರೆ ಒಂದು ಬಿರುದು ಅಷ್ಟು ಸುಲಭವಾಗಿ ಆ ಲೆಕ್ಕಕ್ಕೆ ಬಾರದು. ಚಾವುಂಡರಾಯನ ತಮ್ಮನಾದ ನಾಗವರ್ಮನನ್ನು ಮುದುರಾಚಯನು ಕೊಂದಿದ್ದನು. ಚಾವುಂಡರಾಯನು ಅವನನ್ನು ಕೊಂದು ಸೇಡು ತೀರಿಸಿಕೊಂಡನು. ಆ ಕಾರಣದಿಂದಲೇ ಸಮರಪರಶುರಾಮನೆನಿಸಿಕೊಂಡನು. ನಾಡಿನ ರಕ್ಷಣೆಗೂ ಮನೆಯ ಸೇಡಿಗೂ ನಡುವಣ ಗೆರೆ ಇಲ್ಲಿ ಬಹಳ ತೆಳುವಾಗಿದೆ. ಅದನ್ನು ಮರೆಮಾಚಿ ಅವನ ಚರಿತ್ರೆಯನ್ನು ಬರೆಯುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ. ಅವನಂತೂ ಮರೆಮಾಚಲಿಲ್ಲ.

973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟ ಕರ್ಕನನ್ನು ಸೋಲಿಸಿದಾಗ ಗಂಗರು ನಂಬಿದ್ದ ದೊಡ್ಡ ಆಸರೆಯೇ ಕುಸಿಯಿತು. ಮಾರಸಿಂಹನು ತನ್ನ ಸೋದರಿಯ ಮಗನಾದ ಇಂದ್ರನನ್ನು ಆ ಪಟ್ಟದಲ್ಲಿ ನಿಲ್ಲಿಸಲು ಹೆಣಗಿದನು, ಕೈಗೂಡಲಿಲ್ಲ. ನೊಳಂಬಕುಲಾಂತಕನೆಂದು ಹೆಸರಾಂತ ಆ ರಾಜನು ಕಡೆಗೆ ರಾಜ್ಯವನ್ನು ತೊರೆದು, ಒಂದು ವರ್ಷದ ತರುವಾಯ, 974ರಲ್ಲಿ, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಇದನ್ನು ಹೇಳುತ್ತದೆ. ಇಂದ್ರನು ಇನ್ನೆಂಟು ವರ್ಷ ಬದುಕಿದ್ದನು. ಅವನೂ 982ರ ಮಾರ್ಚಿ 20ರಂದು ಅದೇ ಬೆಳಗೊಳದಲ್ಲಿ ವ್ರತದಿಂದ ಪ್ರಾಣಬಿಟ್ಟನು. ಗಂಧವಾರಣ ಬಸದಿಯ ಮುಂದಿನ ಕಂಬದ ಮೇಲೆ ಅವನ ಶಾಸನವಿದೆ. ಕುದುರೆಯೇರಿ ಆಡುವ ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ಅದು ಸಾವಕಾಶವಾಗಿ ಬಣ್ಣಿಸುತ್ತದೆ. ಸಾಮ್ರಾಜ್ಯವನ್ನು ಕಳೆದುಕೊಂಡವನ ಚರಮಲೇಖದಲ್ಲಿ ಆಟದ ಮಾತು ಓದುವಾಗ ಮನಸ್ಸು ಕಲಕುತ್ತದೆ.

ಹೀಗೆ ರಣರಂಗದಿಂದ ಹೊರಬೀಳುವ ಒಂದು ದಾರಿಯನ್ನು ಚಾವುಂಡರಾಯನ ಒಡೆಯನೇ ತೋರಿಸಿದ್ದನು. ಗುರುಗಳೂ ಅವರೇ. ಆದರೂ ಶಿಷ್ಯನು ಆ ದಾರಿಯನ್ನು ಆಗ ಹಿಡಿಯಲಿಲ್ಲ, ಮುನಿದೀಕ್ಷೆಯನ್ನೂ ಪಡೆಯಲಿಲ್ಲ. ರಾಚಮಲ್ಲನ ಮಂತ್ರಿಯಾಗಿ ಮನೆಯಲ್ಲಿಯೇ ಉಳಿದನು. ಸಲ್ಲೇಖನವು ಸೋತವನ ಆಸರೆಯಲ್ಲವೆಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಕಾಣದು. ಹೊತ್ತ ಹೊಣೆ ಇನ್ನೂ ತೀರದವನಿಗೆ, ಶರೀರ ಗಟ್ಟಿಯಾಗಿರುವವನಿಗೆ ಅದು ಹೇಳಿದ ವ್ರತವಲ್ಲ. ಅವನಿಗೆ ಉಳಿದಿದ್ದುದು ಇನ್ನೊಂದು ಕಷ್ಟದ ಕೆಲಸ: ಬದುಕಿದ್ದುಕೊಂಡೇ ಕಸುಬನ್ನು ಬದಲಾಯಿಸುವುದು.

978ರಲ್ಲಿ ಅವನು ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಮುಗಿಸಿದನು. ಚಾವುಂಡರಾಯಪುರಾಣವೆಂದೇ ಅದು ಪ್ರಸಿದ್ಧ. ಇಪ್ಪತ್ತನಾಲ್ವರು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತೊಂಬತ್ತು ಮಂದಿ ಬಲದೇವ, ವಾಸುದೇವ, ಪ್ರತಿವಾಸುದೇವರು. ಹೀಗೆ ಅರುವತ್ತಮೂರು ಶಲಾಕಾಪುರುಷರ ಕಥೆ. ಜಿನಸೇನ, ಗುಣಭದ್ರ ಆಚಾರ್ಯರು ಸಂಸ್ಕೃತದಲ್ಲಿ ರಚಿಸಿದ್ದ ಮಹಾಪುರಾಣವನ್ನು ಅನುಸರಿಸಿ, ಪಂಪನೂ ಪೊನ್ನನೂ ಚಂಪುವಿನಲ್ಲಿ ಮೆರೆದಿದ್ದ ಕಾಲದಲ್ಲಿ, ಅವನು ಆರಿಸಿಕೊಂಡುದು ಗದ್ಯವನ್ನು. ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಪ್ರಾಚೀನ ಗದ್ಯಗ್ರಂಥಗಳಲ್ಲಿ ಇದೊಂದು. ದಂಡಿನ ಲೆಕ್ಕವನ್ನೊಪ್ಪಿಸುವವನಂತೆ ನೇರವಾಗಿ, ಅಲಂಕಾರಕ್ಕೆ ಅಷ್ಟಾಗಿ ಮನಸೋಲದೆ ಕಥೆಯನ್ನು ಒಯ್ಯುತ್ತಾನೆ. ತನ್ನ ಕಾಳಗಗಳನ್ನೂ ಬಿರುದುಗಳನ್ನೂ, ತಮ್ಮನ ಸೇಡನ್ನೂ ಸೇರಿಸಿ, ಹೇಳಿಕೊಂಡಿರುವುದು ಈ ಗ್ರಂಥದಲ್ಲಿಯೇ. ಅದರಲ್ಲಿ ಹೆಮ್ಮೆಯಿಲ್ಲವೆನ್ನಲಾರೆವು. ಆದರೆ ಅದೇ ಸಾಲಿನಲ್ಲಿ ಸತ್ಯಯುಧಿಷ್ಠಿರ, ಸಮ್ಯಕ್ತ್ವರತ್ನಾಕರ, ಗುಣರತ್ನಭೂಷಣ ಎಂಬ ಹೆಸರುಗಳೂ ಬರುತ್ತವೆ. ಹಾಸ್ಯಕ್ಕೂ ಸುಳ್ಳಾಡದವನಾದುದರಿಂದ ಸತ್ಯಯುಧಿಷ್ಠಿರ. ಈ ಬಿರುದನ್ನು ಯಾವ ಕೋಟೆಯನ್ನು ಮುತ್ತಿಯೂ ಪಡೆಯಲಾಗದು.

ಆ ಪುರಾಣದಲ್ಲಿ ಬಾಹುಬಲಿಯ ಕಥೆಯೂ ಉಂಟು. ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿಯೂ ಅಣ್ಣನಾದ ಭರತಚಕ್ರಿಯನ್ನು ಗೆದ್ದು, ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ತೊರೆದು, ಒಂದು ವರ್ಷ ಅನ್ನಪಾನಗಳಿಲ್ಲದೆ ಪ್ರತಿಮಾಯೋಗದಲ್ಲಿ ನಿಂತ ವೀರನ ಕಥೆ ಅದು. ಕಾಲಿಗೆ ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ತಮ್ಮನನ್ನು ಕೊಂದವನನ್ನು ಕೊಂದವನು, ಅಣ್ಣನನ್ನು ಗೆದ್ದೂ ಮನ್ನಿಸಿ ನಡೆದವನ ಕಥೆಯನ್ನು ತನ್ನ ಕೈಯಾರೆ ಬರೆದನು. ಬರೆಯುವಾಗ ಅವನ ಮನಸ್ಸಿನಲ್ಲಿ ಏನು ಹಾದುಹೋಯಿತೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ಮೂರ್ತಿಯ ಕಾರಣವನ್ನು ಐತಿಹ್ಯವು ತಾಯಿಯ ವ್ರತದಲ್ಲಿ ಕಾಣುತ್ತದೆ. ಪೌದನಪುರದಲ್ಲಿ ಭರತನು ಮಾಡಿಸಿದ ಬಾಹುಬಲಿಯ ಬಿಂಬವಿದೆಯೆಂದು ಕೇಳಿ, ಅದರ ದರ್ಶನವಾಗುವವರೆಗೆ ಹಾಲನ್ನು ಮುಟ್ಟೆನೆಂದು ಕಾಳಲಾದೇವಿ ನಿಯಮ ಹಿಡಿದಳಂತೆ. ಮಗನು ತಾಯಿಯೊಡನೆ ಹೊರಟು ಬೆಳಗೊಳದಲ್ಲಿ ತಂಗಿದಾಗ ಯಕ್ಷಿಯು ಕನಸಿನಲ್ಲಿ ಬಂದು, ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟದತ್ತ ಬಾಣವೆಸೆಯಲು ಹೇಳಿದಳಂತೆ. ಬಾಣವೆಸೆದ ಬಂಡೆಯನ್ನು ಚಾವುಂಡರಾಯನ ಬಂಡೆಯೆಂದು ಇಂದಿಗೂ ತೋರಿಸುತ್ತಾರೆ. ಯಾರ ಎದೆಗೂ ಗುರಿಯಿಡದ ಬಾಣ ಅದು.

ಐತಿಹ್ಯವನ್ನು ಬದಿಗಿಟ್ಟರೂ ಕೆಲಸದ ಗಾತ್ರ ಕಣ್ಣಮುಂದಿದೆ. ಬೆಟ್ಟದ ನೆತ್ತಿಯ ಒಂದೇ ಶಿಲೆಯಲ್ಲಿ ಸುಮಾರು 58 ಅಡಿ ಎತ್ತರ. ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲ. ಒಂದು ತಪ್ಪು ಏಟು ಬಿದ್ದರೆ ತಿದ್ದುವ ಮಾರ್ಗವಿಲ್ಲ. ಕಲ್ಲುಕುಟಿಗರನ್ನು ಕೂಡಿಹಾಕುವುದು, ಅವರಿಗೂ ಅವರ ಸಂಸಾರಗಳಿಗೂ ಕಾಳು ನೀರು ಒದಗಿಸುವುದು, ಉಳಿಗಳನ್ನು ಹದಗೊಳಿಸುವ ಕಮ್ಮಾರರನ್ನು ಬೆಟ್ಟದ ಬುಡದಲ್ಲಿ ನೆಲೆಗೊಳಿಸುವುದು, ವರ್ಷಗಟ್ಟಲೆ ಯಾರೂ ಬೇಸತ್ತು ಚದುರದಂತೆ ನೋಡಿಕೊಳ್ಳುವುದು, ಇವೆಲ್ಲ ದಂಡನ್ನು ನಡೆಸಿದವನಿಗೆ ಹೊಸವಲ್ಲ. ಕಲಿತ ವಿದ್ಯೆಯನ್ನು ಅವನು ಎಸೆಯಲಿಲ್ಲ. ಅದರ ಮುಖವನ್ನು ತಿರುಗಿಸಿದನು. ಪ್ರತಿಷ್ಠೆ 981ರಲ್ಲಿ ನಡೆಯಿತೆಂದು ಸಾಮಾನ್ಯವಾಗಿ ಒಪ್ಪಿ, 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕವನ್ನು ಆಚರಿಸಲಾಯಿತು. ಹಾಗಾದರೆ ದೊಡ್ಡಬೆಟ್ಟದಲ್ಲಿ ಮೂರ್ತಿ ನಿಂತ ಮರುವರ್ಷವೇ, ಅದೇ ಊರಿನಲ್ಲಿ, ರಾಷ್ಟ್ರಕೂಟರ ಕಡೆಯ ಕುಡಿ ಉಪವಾಸದಿಂದ ಕಣ್ಮುಚ್ಚಿದನು.

ಪ್ರಥಮಾಭಿಷೇಕದ ಕಥೆ ಎಲ್ಲರಿಗೂ ತಿಳಿದುದೇ. ಮಾಡಿಸಿದವನ ಕೊಡಗಟ್ಟಲೆ ಹಾಲು ಮೂರ್ತಿಯ ಅಡಿಯವರೆಗೆ ಇಳಿಯಲಿಲ್ಲ. ಗುಳ್ಳಕಾಯಜ್ಜಿಯ ಗಿಟುಕಿನಷ್ಟು ಹಾಲು ಪಾದ ಮುಟ್ಟಿ ಹರಿಯಿತು. ಕಥೆಯೇ ಇರಲಿ, ಜನ ಅವನ ಅಹಂಕಾರವನ್ನು ಮುಚ್ಚಿಡದೆ ಹೇಳಿಕೊಂಡು ಬಂದರೆಂಬುದು ದೊಡ್ಡದು. ಕತ್ತಿಯನ್ನು ಕೆಳಗಿಡುವುದಕ್ಕಿಂತ ಮಾನಕಷಾಯವನ್ನು ಇಳಿಸುವುದು ಕಷ್ಟ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ಗೊಮ್ಮಟಸಾರವನ್ನು ರಚಿಸಿದುದು ಇವನಿಗಾಗಿ. ಗೊಮ್ಮಟನೆಂಬುದು ಇವನದೇ ಹೆಸರು. ಜೀವಕಾಂಡ, ಕರ್ಮಕಾಂಡ ಎಂಬ ಅದರ ಎರಡು ಭಾಗಗಳಲ್ಲಿ ಕರ್ಮವು ಜೀವಕ್ಕೆ ಹೇಗೆ ಅಂಟುತ್ತದೆ, ಎಷ್ಟು ಕಾಲ ನಿಲ್ಲುತ್ತದೆ, ಹೇಗೆ ಕಳಚುತ್ತದೆ ಎಂಬುದರ ಸೂಕ್ಷ್ಮ ಗಣನೆಯಿದೆ. ಅಷ್ಟು ಕಾಳಗಗಳನ್ನು ಕಂಡವನಿಗೆ ಈ ಗಣನೆ ಬರಿಯ ಶಾಸ್ತ್ರಚರ್ಚೆಯಾಗಿರಲಾರದು. ಅದಕ್ಕೆ ಅವನು ಕನ್ನಡದಲ್ಲಿ ವೃತ್ತಿಯನ್ನು ಬರೆದನೆಂದೂ ಅದರ ಹೆಸರು ವೀರಮಾರ್ತಂಡಿಯೆಂದೂ ಹೇಳಿಕೆಯುಂಟು. ಗೋನೂರಿನ ಬಯಲಿನಲ್ಲಿ ಗಳಿಸಿದ ಹೆಸರು ಹೀಗೆ ಒಂದು ಟೀಕೆಯ ಹೆಸರಾಯಿತು.

ಈ ಪತ್ರಿಕೆಯ ಓದುಗರಿಗೆ ಎಲ್ಲಕ್ಕಿಂತ ಹತ್ತಿರವಾದುದು ಅವನ ಚಾರಿತ್ರಸಾರ. ಸಂಸ್ಕೃತ ಗದ್ಯದಲ್ಲಿರುವ ಈ ಕೃತಿಯಲ್ಲಿ ಶ್ರಾವಕನ ವ್ರತಗಳೂ ಮುನಿಗಳ ಆಚಾರವೂ ತಪಸ್ಸಿನ ಭೇದಗಳೂ ನಿರೂಪಿತವಾಗಿವೆ. ರಾತ್ರಿಭೋಜನತ್ಯಾಗವನ್ನು ಅಹಿಂಸೆಯೊಳಗೇ ಅಡಕವೆಂದು ಭಾವಿಸುವವರುಂಟು. ಚಾವುಂಡರಾಯನು ಅದನ್ನು ಬೇರೆಯಾಗಿ ಎಣಿಸಿ ಆರನೆಯ ಅಣುವ್ರತವೆಂದನು. ಕಣ್ಣಿಗೆ ಕಾಣದ ಕ್ರಿಮಿಗಳು ಇರುಳಿನ ಊಟದಲ್ಲಿ ಸಾಯಬಾರದೆಂದು ಬರೆದ ಕೈ ಭಟಮಾರಿಯ ಕೈಯೇ.

ಹಳೆಯ ಬಳೆಗಾರ ಕುಲದಲ್ಲಿ ಹುಟ್ಟಿ ವಿದ್ಯೆಯನ್ನರಸಿ ಮುದುವೊಳಲಿನಿಂದ ಗಂಗರ ನಾಡಿಗೆ ಬಂದ ರನ್ನನಿಗೆ ಆಶ್ರಯವಿತ್ತವನೂ ಇವನೇ. ಮುಂದೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ ಮೇಲೂ ರನ್ನನು ಮರೆಯದೆ ತನ್ನ ಮಗನಿಗೆ ರಾಯನೆಂದು ಹೆಸರಿಟ್ಟನು. ಚಾವುಂಡರಾಯನ ಮಗ ಜಿನದೇವಣನೂ ಅಜಿತಸೇನರ ಶಿಷ್ಯನಾಗಿ, ಸುಮಾರು 995ರಲ್ಲಿ ಚಿಕ್ಕಬೆಟ್ಟದಲ್ಲಿ ಜಿನಾಲಯವನ್ನು ಮಾಡಿಸಿದನು. ಚಾವುಂಡರಾಯ ಬಸದಿಯ ಮೇಲಂತಸ್ತಿನ ಪಾರ್ಶ್ವನಾಥನ ಪೀಠದಲ್ಲಿ ಆ ಬರಹವನ್ನು ಕಾಣಬಹುದು.

ದೊಡ್ಡಬೆಟ್ಟವನ್ನು ಹತ್ತುವವರು ತ್ಯಾಗದ ಬ್ರಹ್ಮದೇವರ ಕಂಬದ ಬಳಿ ಒಂದು ಗಳಿಗೆ ನಿಲ್ಲಬೇಕು. ಚಾವುಂಡರಾಯನು ಇಲ್ಲಿ ದಾನ ಮಾಡುತ್ತಿದ್ದನೆಂದು ಪ್ರತೀತಿ. ಕಂಬದ ನಾಲ್ಕು ಪಕ್ಕಗಳಲ್ಲಿಯೂ ಅವನ ಚರಿತ್ರೆಯನ್ನು ಕೆತ್ತಿಸಲಾಗಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬುವನು ಎರಡು ಮೂರು ಸಾಲಿನ ತನ್ನ ಬರಹಕ್ಕಾಗಿ ಮೂರು ಪಕ್ಕಗಳನ್ನು ಉಜ್ಜಿಸಿಬಿಟ್ಟನು. ಉಳಿದೊಂದು ಪಕ್ಕದಲ್ಲಿ ವಜ್ವಲದೇವನ ಕಾಳಗವೂ ನೊಳಂಬರ ಯುದ್ಧವೂ ಓದಲು ಸಿಗುತ್ತವೆ. ಕಂಬದ ಬುಡದಲ್ಲಿ, ಅಕ್ಷರಗಳ ಕೆಳಗೆ, ಇಬ್ಬರು ಕುಳಿತ ಚಿಕ್ಕ ಉಬ್ಬುಚಿತ್ರವಿದೆ. ಒಬ್ಬನು ಚಾವುಂಡರಾಯ, ಇನ್ನೊಬ್ಬರು ಗುರುಗಳಾದ ನೇಮಿಚಂದ್ರರು ಎಂದು ಹೇಳುತ್ತಾರೆ.