ಡಾ. ಮುತ್ತುಲಕ್ಷ್ಮಿ ರೆಡ್ಡಿ

ಇಂದಿನ ತಮಿಳುನಾಡಿಗೆ ಸೇರಿದ ಪುದುಕ್ಕೋಟೆ ಹಿಂದೆ ಒಂದು ಚಿಕ್ಕ ದೇಶೀಯ ಸಂಸ್ಥಾನವಾಗಿದ್ದಿತು. 1886ನೆಯ ಇಸವಿ ಜುಲೈ 30ರಂದು ಮುತ್ತುಲಕ್ಷ್ಮಿಯವರು ಅಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ವಿದ್ವಾಂಸರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಹೆಣ್ಣುಮಕ್ಕಳಿಗೆ ಅಕ್ಷರಾಭ್ಯಾಸವೇ ಅಪರೂಪವಾಗಿದ್ದ ಕಾಲವದು. ಮುತ್ತುಲಕ್ಷ್ಮಿಯವರು ಗಂಡುಮಕ್ಕಳ ಕಾಲೇಜನ್ನು ಸೇರಬಯಸಿದಾಗ ಊರಿನಲ್ಲಿ ಪ್ರತಿಭಟನೆಯೆದ್ದಿತು. ಮಹಾರಾಜರು ಅದಕ್ಕೆ ಕಿವಿಗೊಡದೆ ಪ್ರವೇಶವನ್ನಿತ್ತರು. ಮುಂದೆ ಅವರು ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1912ರಲ್ಲಿ ಪದವೀಧರರಾದರು; 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ವಿವಾಹವಾದರು.

ರೋಗಿಗಳ ಶುಶ್ರೂಷೆಯಷ್ಟರಿಂದಲೇ ಅವರಿಗೆ ತೃಪ್ತಿಯಾಗಲಿಲ್ಲ. ಮದರಾಸು ವಿಧಾನ ಪರಿಷತ್ತಿನ ಪ್ರಥಮ ಮಹಿಳಾ ಸದಸ್ಯೆಯಾಗಿ, 1927ರಲ್ಲಿ ಅದರ ಉಪಾಧ್ಯಕ್ಷೆಯಾಗಿ, ದೇವದಾಸಿ ಪದ್ಧತಿಯ ನಿರ್ಮೂಲನಕ್ಕಾಗಿ ಹೋರಾಡಿದರು. 1930ರಲ್ಲಿ ಗಾಂಧೀಜಿಯವರ ಬಂಧನವಾದಾಗ ಆ ಸ್ಥಾನವನ್ನು ತ್ಯಜಿಸಿದರು. ಅನಾಥ ಬಾಲಿಕೆಯರಿಗಾಗಿ ಅವ್ವೈ ಇಲ್ಲಮ್ ಎಂಬ ಆಶ್ರಯಧಾಮವನ್ನು ಸ್ಥಾಪಿಸಿದರು. ಅವರು ಬಯಸಿದ್ದ ದೇವದಾಸಿ ಪದ್ಧತಿ ನಿಷೇಧವು 1947ರಲ್ಲಿ ಶಾಸನವಾಯಿತು.

ಈ ಕಾರ್ಯಗಳ ನಡುವೆಯೂ ಒಂದು ನೋವು ಅವರನ್ನು ಬಿಡದೆ ಕಾಡುತ್ತಿದ್ದಿತು. ಅವರ ಪ್ರೀತಿಯ ತಂಗಿ ಎಳೆಯ ಪ್ರಾಯದಲ್ಲಿಯೇ ಕ್ಯಾನ್ಸರ್ ರೋಗಕ್ಕೆ ತುತ್ತಾಗಿ 1923ರಲ್ಲಿ ತೀರಿಕೊಂಡಿದ್ದಳು. ಆರಂಭದಲ್ಲಿ ಆ ರೋಗವನ್ನು ಆಮಶಂಕೆಯೆಂದು ಭಾವಿಸಲಾಗಿದ್ದಿತು. ಅಕ್ಕ ವೈದ್ಯೆಯಾಗಿದ್ದರೂ ತಂಗಿಯ ಪ್ರಾಣ ಉಳಿಯಲಿಲ್ಲ. ಈ ರೋಗಕ್ಕೆಂದೇ ಒಂದು ಆಸ್ಪತ್ರೆಯನ್ನು ಕಟ್ಟಬೇಕೆಂದು ಅವರು ಅಂದೇ ಸಂಕಲ್ಪಿಸಿದರು. 1935ರಲ್ಲಿ ತಾವು ಕಲಿತ ವೈದ್ಯಕೀಯ ಕಾಲೇಜಿನ ಶತಮಾನೋತ್ಸವದ ಸಂದರ್ಭದಲ್ಲಿ ಆ ಅಭಿಲಾಷೆಯನ್ನು ಬಹಿರಂಗವಾಗಿ ಪ್ರಕಟಿಸಿದರು.

ಕ್ಯಾನ್ಸರ್ ಬಂದವರು ಹೇಗೂ ಬದುಕಲಾರರು, ಅವರಿಗೇಕೆ ಪ್ರತ್ಯೇಕ ಆಸ್ಪತ್ರೆ ಎಂಬ ನಿರಾಶೆಯ ಮಾತುಗಳೇ ಆಗ ಎಲ್ಲೆಡೆ ಕೇಳಿಬರುತ್ತಿದ್ದವು. ಮುತ್ತುಲಕ್ಷ್ಮಿಯವರು ಧೃತಿಗೆಡಲಿಲ್ಲ. ಭಾರತೀಯ ಮಹಿಳಾ ಸಂಘದ ನೆರವಿನಿಂದ ನಿಧಿಯನ್ನು ಕೂಡಿಸಿದರು. 1952ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. 1954ರ ಜೂನ್ 18ರಂದು ಅಡ್ಯಾರಿನಲ್ಲಿ ಕೇವಲ 12 ಹಾಸಿಗೆಗಳ ಆಸ್ಪತ್ರೆ ಕಾರ್ಯಾರಂಭ ಮಾಡಿತು. ಅವರ ಪುತ್ರ ಡಾ. ಕೃಷ್ಣಮೂರ್ತಿಯವರೂ 1955ರಲ್ಲಿ ಬಂದು ಸೇರಿದ ಡಾ. ಶಾಂತಾ ಅವರೂ ತಮ್ಮ ಬಾಳನ್ನು ಅದಕ್ಕೆ ಮುಡಿಪಾಗಿಟ್ಟರು.

ಈ ಸಂಸ್ಥೆಯಲ್ಲಿ ಚಿಕಿತ್ಸೆ, ಸಂಶೋಧನೆ, ಬೋಧನೆ ಎಂಬ ಮೂರೂ ಒಂದೇ ಸೂರಿನಡಿ ಬೆಳೆದವು. ರೋಗಿಯ ಹಾಸಿಗೆಯ ಬಳಿ ಹುಟ್ಟಿದ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರವನ್ನು ಅರಸಬೇಕು. ದೊರೆತ ಉತ್ತರವನ್ನು ಕಿರಿಯ ವೈದ್ಯರಿಗೆ ಕಲಿಸಬೇಕು. ಅವರ ಮೂಲಕ ಅದು ಮತ್ತೆ ರೋಗಿಯನ್ನು ತಲಪಬೇಕು. ಒಂದನ್ನು ಬಿಟ್ಟರೆ ಉಳಿದೆರಡು ಸೊರಗುತ್ತವೆ. ಬಡವ-ಬಲ್ಲಿದರೆಂಬ ಭೇದವಿಲ್ಲದೆ ಚಿಕಿತ್ಸೆ ನೀಡುವುದು ಸಂಸ್ಥೆಯ ವ್ರತವಾಯಿತು. 1984ರಲ್ಲಿ ಕ್ಯಾನ್ಸರ್ ತಜ್ಞರನ್ನು ರೂಪಿಸುವ ಕಾಲೇಜೂ ಅಲ್ಲಿ ಪ್ರಾರಂಭವಾಯಿತು.

ಭಾರತ ಸರ್ಕಾರವು 1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1968ರ ಜುಲೈ 22ರಂದು ಅವರು ದಿವಂಗತರಾದರು. ತನ್ನವರ ಸಾವಿಗೆ ಕಣ್ಣೀರಿಡುವುದು ಲೋಕದ ರೂಢಿ. ಆ ಕಣ್ಣೀರನ್ನೇ ಪರರ ಪ್ರಾಣರಕ್ಷಣೆಯ ಸಂಕಲ್ಪವಾಗಿ ಮಾರ್ಪಡಿಸಿದುದು ಅವರ ಹಿರಿಮೆ.