ಜೋಳಿಗೆ ಹಿಡಿದ ಮಹಾನುಭಾವರು: ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳು

ಗುರುವಿನ ಪಾದಕ್ಕೆ ಬಾಗುವುದು ಭಕ್ತನ ಸಹಜಗುಣ. ಭಕ್ತನನ್ನು ಅರಿವಿನೆಡೆಗೆ ನಡೆಸುವುದು ಗುರುವಿನ ಹೊಣೆ. ಪೀಠವನ್ನೇರಿದವರಲ್ಲಿಯೇ ಶಾಸ್ತ್ರಜ್ಞಾನವೂ ಅನುಷ್ಠಾನಬಲವೂ ಇಲ್ಲದೆ ಹೋದರೆ ಭಕ್ತನು ಯಾರನ್ನು ಆಶ್ರಯಿಸಬೇಕು? ಧರ್ಮವನ್ನು ಬೋಧಿಸುವವರಿಗೆ ಮೊದಲು ವಿದ್ಯೆಯನ್ನು ಕೊಡುವವರಾರು, ಅದರ ವೆಚ್ಚವನ್ನು ಹೊರುವವರಾರು? ಈ ಪ್ರಶ್ನೆಗಳಿಗೆ ತಮ್ಮ ಜೀವಮಾನವನ್ನೇ ಉತ್ತರವಾಗಿ ಸಲ್ಲಿಸಿದ ಮಹನೀಯರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು.

ಪೂಜ್ಯರು 1867ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಬಡ ಜಂಗಮ ಮನೆತನವೊಂದರಲ್ಲಿ ಜನಿಸಿದರು. ಬಾಲ್ಯದ ಹೆಸರು ಹಾಲಯ್ಯ. ಬಡತನದಲ್ಲಿ ಅಕ್ಷರ ಕಲಿಯುವ ಕಷ್ಟವನ್ನು ಅವರು ಪುಸ್ತಕದಿಂದ ತಿಳಿದವರಲ್ಲ, ಉಂಡು ತಿಳಿದವರು. ಯೌವನದಲ್ಲಿ ಕೆಲಕಾಲ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದರು. ವೈರಾಗ್ಯವು ಬಲಿಯಲು ಮನೆಯನ್ನು ತೊರೆದು, ಹುಬ್ಬಳ್ಳಿಯಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರವನ್ನು ಶ್ರವಣ ಮಾಡಿದರು. ಬಳಿಕ ಯಳಂದೂರು ಬಸವಲಿಂಗ ಸ್ವಾಮಿಗಳ ಸನ್ನಿಧಿಯಲ್ಲಿ ಸಾಧನೆಗೈದು, ಮುಂದೆ ಹಾನಗಲ್ಲ ಮಠದ ಅಧಿಕಾರವನ್ನು ವಹಿಸಿಕೊಂಡರು.

ಆಗ ಕನ್ನಡನಾಡು ಹಲವು ಆಳ್ವಿಕೆಗಳಲ್ಲಿ ಹರಿದು ಹಂಚಿಹೋಗಿತ್ತು. ಧಾರವಾಡ, ವಿಜಾಪುರ ಸೀಮೆಗಳು ಮುಂಬಯಿ ಇಲಾಖೆಯಲ್ಲಿದ್ದವು. ಗುರುಗುಂಟಾ, ಲಿಂಗಸುಗೂರು ಮೊದಲಾದ ಊರುಗಳು ನಿಜಾಮರ ರಾಜ್ಯದಲ್ಲಿದ್ದವು. ಅಲ್ಲಿ ರಾಜ್ಯದ ವ್ಯವಹಾರವೂ ಮೇಲ್ತರದ ವಿದ್ಯೆಯೂ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಕನ್ನಡದ ಅಕ್ಷರವು ಬಹುಮಟ್ಟಿಗೆ ಐಗಳ ಶಾಲೆಯನ್ನೂ ಮಠದ ಅಂಗಳವನ್ನೂ ನಂಬಿಕೊಂಡಿತ್ತು. ಇಂತಹ ಕಾಲದಲ್ಲಿ ಮಠದ ಸ್ವಾಮಿಗಳೇ ವಿದ್ಯಾಹೀನರಾದರೆ ಊರಿಗೆ ಊರೇ ಕತ್ತಲೆ.

1904ರಲ್ಲಿ ಪೂಜ್ಯರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಜನ್ಮ ತಾಳಿತು. ಅದರ ಪ್ರಥಮ ಅಧಿವೇಶನದ ಅಧ್ಯಕ್ಷರು ಸಿರಸಂಗಿಯ ಲಿಂಗರಾಜ ದೇಸಾಯಿಯವರು. 1906ರಲ್ಲಿ ಲಿಂಗೈಕ್ಯರಾದ ಈ ದಾನಶೂರರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. ಆ ವಿದ್ಯಾರ್ಥಿವೇತನದ ಆಸರೆಯಿಂದ ಅನೇಕ ಬಡಮಕ್ಕಳು ಉನ್ನತ ವಿದ್ಯೆಯನ್ನು ಪಡೆದರು. ಲೌಕಿಕ ವಿದ್ಯೆಗೆ ಹೀಗೆ ಒಬ್ಬ ದೊರೆಮಗನ ಸಂಪತ್ತು ಒದಗಿತು. ಮಠಗಳಿಗೆ ಹೋಗಬೇಕಾದ ವಟುಗಳ ವಿದ್ಯೆಗೆ ಒದಗುವ ಸಂಪತ್ತು ಯಾವುದು? ಸ್ವಾಮಿಗಳ ಕೈಯಲ್ಲಿದ್ದುದು ಒಂದು ಜೋಳಿಗೆ ಮಾತ್ರ.

ಆ ಜೋಳಿಗೆಯನ್ನೇ ನಂಬಿ ಅವರು 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಡದಲ್ಲಿ, ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಅಲ್ಲಿಗೆ ಬಂದ ವಟುಗಳಿಗೂ ಸಾಧಕರಿಗೂ ಅನ್ನ, ವಸ್ತ್ರ, ವಸತಿಗಳು ಉಚಿತ. ಸಂಸ್ಕೃತ, ಕನ್ನಡ, ಶಿವಾನುಭವಶಾಸ್ತ್ರ, ಯೋಗ, ಸಂಗೀತ, ಪ್ರವಚನಗಳ ಶಿಕ್ಷಣ. ಅದರೊಡನೆ ತ್ರಿಕಾಲ ಲಿಂಗಪೂಜೆಯ ಕಟ್ಟುನಿಟ್ಟು. ಓದು ಒಂದು ಕಡೆ, ನಡೆ ಒಂದು ಕಡೆ ಆಗಬಾರದೆಂಬುದೇ ಅಲ್ಲಿಯ ನಿಯಮ. ತಾಳೆಯ ಓಲೆಯ ಕಟ್ಟುಗಳನ್ನು ಊರೂರುಗಳಿಂದ ತರಿಸಿ ಗ್ರಂಥಭಂಡಾರವನ್ನು ಕೂಡಿಸಿದರು. ಗೋಶಾಲೆಯನ್ನು ಕಟ್ಟಿ, ಅದರ ಗೋಮಯದಿಂದ ಶಾಸ್ತ್ರೋಕ್ತವಾಗಿ ವಿಭೂತಿಯನ್ನು ತಯಾರಿಸುವ ಕಾರ್ಯವನ್ನು ನಡೆಸಿದರು. ಅಲ್ಲಿಯ ವಿಭೂತಿಯು ಇಂದಿಗೂ ಭಕ್ತರ ಹಣೆಯನ್ನು ಬೆಳಗುತ್ತಿದೆ.

ಇಷ್ಟೆಲ್ಲಕ್ಕೂ ದ್ರವ್ಯವು ಬಂದುದು ಭಕ್ತರ ಮನೆಗಳಿಂದ. ಪೂಜ್ಯರು ಊರಿಂದೂರಿಗೆ ಸಂಚರಿಸಿದರು. ಸಿರಿವಂತನು ಹಣವನ್ನು ಕೊಟ್ಟರೆ ಬಡ ಒಕ್ಕಲಿಗನು ಜೋಳವನ್ನು ಕೊಟ್ಟನು. ಶರಣರು ಹೇಳಿದ ದಾಸೋಹವು ಉಣ್ಣುವವನ ಹಸಿವನ್ನು ಹಿಂಗಿಸುವುದರಲ್ಲಿಯೇ ಮುಗಿಯುವುದಿಲ್ಲ. ಆ ಅನ್ನವು ಅರಿವಾಗಿ ಸಮಾಜಕ್ಕೆ ತಿರುಗಿ ಬರಬೇಕೆಂಬುದನ್ನು ಅವರು ತೋರಿಸಿಕೊಟ್ಟರು.

ಈ ಮಾತಿಗೆ ಒಂದು ನಿದರ್ಶನ ಸಾಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನಿಗೆ ಕಣ್ಣಿರಲಿಲ್ಲ, ಕಂಠವಿತ್ತು. ಲೋಕವು ಕುರುಡನೆಂದು ಕರೆದ ಮಗುವಿನಲ್ಲಿ ಪೂಜ್ಯರು ನಾದದ ಬೆಳಕನ್ನು ಕಂಡರು. ಆತನ ಪೋಷಣೆಯ ಭಾರವನ್ನು ಹೊತ್ತು, ಕರ್ನಾಟಕ ಮತ್ತು ಹಿಂದುಸ್ತಾನಿ ಎಂಬ ಎರಡೂ ಪದ್ಧತಿಗಳ ಸಂಗೀತವನ್ನು ಕಲಿಯುವಂತೆ ಮಾಡಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಅವರು ತಾವು ಪಡೆದ ವಿದ್ಯೆಯನ್ನು ಅಂಧರಿಗೂ ಅನಾಥರಿಗೂ ಹಂಚಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅವರ ಸೇವೆಯ ಫಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೂ ಆ ದೀಪವನ್ನು ಆರಗೊಡಲಿಲ್ಲ. ಒಬ್ಬ ಬಾಲಕನಿಗೆ ಇತ್ತ ಆಸರೆಯು ಸಾವಿರಾರು ಮಕ್ಕಳಿಗೆ ಆಸರೆಯಾಯಿತು.

ಮಂದಿರದಲ್ಲಿ ಕಲಿತ ಸಾಧಕರು ನಾಡಿನ ಅನೇಕ ಮಠಗಳಿಗೆ ಅಧಿಪತಿಗಳಾದರು. ನಾಗನೂರು ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದು ಹಳ್ಳಿಯ ಮಕ್ಕಳ ವಿದ್ಯೆಗೆ ಆಧಾರವಾದರು. ಭಕ್ತರ ಜೋಳದಿಂದ ಬೆಳೆದವರು ಭಕ್ತರ ಮಕ್ಕಳನ್ನು ಬೆಳೆಸಿದರು, ಕೊಟ್ಟದ್ದು ಕೆಡಲಿಲ್ಲ.

1930ರ ಫೆಬ್ರವರಿಯಲ್ಲಿ ಪೂಜ್ಯರು ಲಿಂಗೈಕ್ಯರಾದರು. ತಮಗಾಗಿ ಅವರು ಏನನ್ನೂ ಕೂಡಿಡಲಿಲ್ಲ. ಜೋಳಿಗೆಗೆ ಬಿದ್ದುದೆಲ್ಲವೂ ವಟುಗಳ ಪಾಲಾಯಿತು. ಭಕ್ತನು ಗುರುವಿನಲ್ಲಿ ಅರಿವನ್ನು ಬಯಸುವುದು ನ್ಯಾಯ. ಆ ಅರಿವು ಬೆಳೆಯುವುದಕ್ಕೆ ತನ್ನ ಕಾಯಕದ ಒಂದು ಪಾಲನ್ನು ಸಲ್ಲಿಸುವುದು ಅವನ ಧರ್ಮ. ಹೀಗೆ ಸಂದ ಒಂದು ಹಿಡಿ ಜೋಳದಲ್ಲಿ ನಾಳಿನ ಗುರುವೊಬ್ಬನ ವಿದ್ಯೆ ಅಡಗಿದೆಯೆಂಬುದೇ ಕುಮಾರ ಶಿವಯೋಗಿಗಳ ಜೀವನದ ಬೋಧೆ.